ಟೈಗರ್ ಮಾಥ್ ಮಾಡೆಲ್ ಮಾಡುವ ಕ್ರಮ: ಮೊದಲು ಹಾರಬೇಕು, ಬಣ್ಣ ಆಮೇಲೆ

ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಬಗಲಲ್ಲಿ ಇಟ್ಟುಕೊಂಡು ಮನೆಗೆ ಬರುವ ಹುಡುಗರು ಹೆಚ್ಚುಕಮ್ಮಿ ಒಂದೇ ಮಾತು ಹೇಳುತ್ತಾರೆ. "ಅಣ್ಣಾರ, ಮಾಡೆಲ್ ಪೂರ್ತಿ ಆಗೇದ್ರಿ, ಹಾರಸೋದೊಂದ ಬಾಕಿ." ತೆರೆದು ನೋಡಿದರೆ ಕಂಪ್ಯೂಟರಿನಲ್ಲಿ ಕಟ್ಟಿದ ವಿಮಾನದ ಮಾಡೆಲ್ ನಿಜಕ್ಕೂ ಚಂದ ಇರುತ್ತದೆ, ರೆಕ್ಕೆ ಬಟ್ಟೆಯ ಹೊಲಿಗೆ ಕೂಡ ಕಾಣುತ್ತದೆ. ಕಂಪ್ಯೂಟರಿನಲ್ಲೇ ವಿಮಾನ ಹಾರಿಸುವ ಸಿಮ್ಯುಲೇಟರಿಗೆ ಹಾಕಿದ ಕೂಡಲೇ ಅದೇ ವಿಮಾನ ರನ್‌ವೇಯಲ್ಲಿ ಸೊಂಟದ ತನಕ ಹೂತುಹೋಗುತ್ತದೆ. ಇಲ್ಲವೇ ಕಪ್ಪೆ ಹಾಗೆ ಕುಪ್ಪಳಿಸುತ್ತದೆ. ಒಬ್ಬನದಂತೂ ಪ್ರೊಪೆಲ್ಲರ್ ಮೂತಿ ಬಿಟ್ಟು ಬಾಲದ ಸುತ್ತ ತಿರುಗುತ್ತಿತ್ತು. ಮೂರು ತಿಂಗಳ ಕೆಲಸ, ತಿದ್ದಬೇಕೆಂದರೆ ಅರ್ಧ ಬಿಚ್ಚಬೇಕು.

ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸೋದು ಅಂದರೆ ಇದೇ. ಕೈಚಳಕ ಎಲ್ಲರಿಗೂ ಇದೆ, ಕ್ರಮ ತಪ್ಪಿರುತ್ತದೆ. ನಾನು ಹಗಲು ಹುಬ್ಬಳ್ಳಿ ಹತ್ತಿರದ ತಾರಿಹಾಳದ ಒಂದು ವರ್ಕ್‌ಶಾಪಿನಲ್ಲಿ ಡ್ರಾಯಿಂಗ್ ತಿದ್ದುವವನು, ರಾತ್ರಿ ಹಳೇ ವಿಮಾನಗಳ ಮಾಡೆಲ್ ಮಾಡುವವನು. ನನ್ನ ಮೊದಲ ಎರಡು ವಿಮಾನ ಕೂಡ ಹಾರಲಿಲ್ಲ. ಹಾಗಾಗಿ ಕೆಳಗೆ ಬರೆದಿರುವ ತಪ್ಪುಗಳಲ್ಲಿ ಅರ್ಧ ನನ್ನವೇ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಡಿ ಹ್ಯಾವಿಲ್ಯಾಂಡ್ ಟೈಗರ್ ಮಾಥ್, ಡಿಎಚ್ 82ಎ, ಮೇಲೊಂದು ಕೆಳಗೊಂದು ರೆಕ್ಕೆ ಇರುವ ಹಳೇ ಬ್ರಿಟಿಷ್ ತರಬೇತಿ ವಿಮಾನ. ಸಿಮ್ಯುಲೇಟರ್ ಫ್ಲೈಟ್‌ಗಿಯರ್. ಅದು ಪುಕ್ಕಟೆ, ವಿಮಾನದ ಹೆಚ್ಚಿನ ಫೈಲುಗಳು ತೆರೆದು ಓದಬಹುದಾದ ಬರೀ ಪಠ್ಯ, ಅದಕ್ಕೇ ಕಲಿಯಲು ಸುಲಭ. ಎಕ್ಸ್-ಪ್ಲೇನ್ ಸಿಮ್ಯುಲೇಟರ್ ಇರುವವರಿಗೆ ವಿಮಾನ ಕಟ್ಟುವ ಪ್ಲೇನ್ ಮೇಕರ್ ಜೊತೆಗೇ ಬರುತ್ತದೆ, ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರಿಗೆ ಅದೇ ಕೆಲಸಕ್ಕೆ ಅದರ ಎಸ್‌ಡಿಕೆ ಇದೆ. ಫೈಲುಗಳ ಹೆಸರು ಬೇರೆ, ಕ್ರಮ ಇದೇ.

ಕೂರುವ ಮುಂಚೆ ಏನೇನು ಬೇಕು

ಆಕಾರಕ್ಕೆ ಬ್ಲೆಂಡರ್. ಅದಕ್ಕೆ ಫ್ಲೈಟ್‌ಗಿಯರ್ ಓದುವ ಎಸಿ3ಡಿ ಫೈಲ್ ಬರೆಯುವ ಆಡ್-ಆನ್ ಬೇರೆಯಾಗಿ ಹಾಕಿಕೊಳ್ಳಬೇಕು. ನಿಮ್ಮ ಬ್ಲೆಂಡರ್ ಆವೃತ್ತಿಗೆ ಆ ಆಡ್-ಆನ್ ಹೊಂದುತ್ತದಾ ಅಂತ ಮೊದಲ ದಿನವೇ ಒಂದು ಖಾಲಿ ಡಬ್ಬಿ ಎಕ್ಸ್‌ಪೋರ್ಟ್ ಮಾಡಿ ನೋಡಿ. ಮೂರು ತಿಂಗಳಾದ ಮೇಲೆ ನೋಡಿ ತಲೆ ಮೇಲೆ ಕೈ ಹೊತ್ತವರಿದ್ದಾರೆ. ಬಣ್ಣಕ್ಕೆ ಗಿಂಪ್ ಅಥವಾ ಕ್ರಿಟಾ, ಸದ್ದಿಗೆ ಆಡಾಸಿಟಿ, ವಿಮಾನದ ವಿವರ ಇರುವ ಎಕ್ಸ್‌ಎಂಎಲ್ ಪಠ್ಯ ಫೈಲ್ ಬರೆಯಲು ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಥರದ, ಸಾಲಿನ ನಂಬರ್ ತೋರಿಸುವ ಎಡಿಟರ್. ಎಲ್ಲವೂ ಪುಕ್ಕಟೆ.

ಜಾಯ್‌ಸ್ಟಿಕ್ ಬೇಕೇ ಬೇಕು. ಹಿಡಿ ತಿರುಚಿದರೆ ರಡ್ಡರ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಹಲಗೆ) ಕೆಲಸ ಮಾಡುವ ಅಗ್ಗದ್ದು ಸಾಕು. ಕೀಬೋರ್ಡಿನಲ್ಲಿ ಹಾರಿಸಿ "ವಿಮಾನ ಅಡ್ಡಾದಿಡ್ಡಿ ಹೋಗ್ತದ" ಅಂದರೆ ತಪ್ಪು ವಿಮಾನದ್ದೋ ಬೆರಳಿನದ್ದೋ ಹೇಳಲು ಆಗುವುದಿಲ್ಲ.

ಇನ್ನೊಂದು, ಒಂದು ನೋಟ್‌ಬುಕ್. ಕಾಗದದ್ದು. ಯಾವ ಅಂಕಿ ಬದಲಿಸಿದಿರಿ, ಏನಾಯಿತು, ಎರಡೇ ಕಾಲಮ್ಮು.

1. ಅಂಕಿ ಕೂಡಿಸುವುದು

ಬ್ಲೆಂಡರ್ ತೆರೆಯಬೇಡಿ. ಮೊದಲು ಅಂಕಿಗಳು. ಟೈಗರ್ ಮಾಥ್‌ನ ರೆಕ್ಕೆಯ ಹರವು 29 ಅಡಿ 4 ಇಂಚು, ಅಂದರೆ 8.94 ಮೀಟರ್. ಉದ್ದ 23 ಅಡಿ 11 ಇಂಚು, 7.29 ಮೀಟರ್. ಎರಡೂ ರೆಕ್ಕೆ ಸೇರಿ 239 ಚದರ ಅಡಿ. ಖಾಲಿ ತೂಕ 1,115 ಪೌಂಡ್, ತುಂಬಿದಾಗ 1,825 ಪೌಂಡ್. ಇಂಜಿನ್ ಜಿಪ್ಸಿ ಮೇಜರ್, 130 ಅಶ್ವಶಕ್ತಿ. ಗರಿಷ್ಠ ವೇಗ ಗಂಟೆಗೆ 109 ಮೈಲಿ. ಏರುವ ದರ ನಿಮಿಷಕ್ಕೆ 673 ಅಡಿ. ಇಷ್ಟು ಸಿಕ್ಕರೆ ಶುರು ಮಾಡಬಹುದು.

ಮೊದಲ ಗುಂಡಿ ಇಲ್ಲೇ ಇದೆ. ಹಳೇ ಬ್ರಿಟಿಷ್ ಕೈಪಿಡಿಗಳಲ್ಲಿ ವೇಗ ಮೈಲಿಯಲ್ಲಿರುತ್ತದೆ, ಸಿಮ್ಯುಲೇಟರ್ ಕೇಳುವುದು ನಾಟ್‌ನಲ್ಲಿ. ಒಂದು ನಾಟ್ ಅಂದರೆ ಗಂಟೆಗೆ 1.15 ಮೈಲಿ. 109 ಮೈಲಿ ಅಂದರೆ ಸುಮಾರು 95 ನಾಟ್. ಸೀದಾ 109 ಅಂತ ಬರೆದರೆ ನಿಮ್ಮ ಟೈಗರ್ ಮಾಥ್ ನೂರಕ್ಕೆ ಹದಿನೈದು ಪಾಲು ಜಾಸ್ತಿ ಓಡುತ್ತದೆ, ಯಾಕೆ ಅಂತ ವಾರಗಟ್ಟಲೆ ಗೊತ್ತಾಗುವುದಿಲ್ಲ. ಗ್ಯಾಲನ್ನೂ ಹಾಗೇ. ಇಂಪೀರಿಯಲ್ ಗ್ಯಾಲನ್ 4.546 ಲೀಟರ್, ಅಮೆರಿಕದ್ದು 3.785. ಮೇಲಿನ ರೆಕ್ಕೆಯ ನಡುವೆ ಕೂತಿರುವ ಟ್ಯಾಂಕು 19 ಇಂಪೀರಿಯಲ್ ಗ್ಯಾಲನ್ನಿನದು, ಅಂದರೆ 86 ಲೀಟರ್ ಚಿಲ್ಲರೆ. ಈಗ ನಾವು ಬಳಸಲಿರುವ ಫೈಲಿನಲ್ಲಿ ಇಂಧನವನ್ನು ಪೌಂಡಿನಲ್ಲಿ ಬರೆಯಬೇಕು, ಅದು ಸುಮಾರು 137 ಪೌಂಡ್ ಆಗುತ್ತದೆ.

ಏನೇನು ಇಲ್ಲ ಅನ್ನುವುದನ್ನೂ ಬರೆದುಕೊಳ್ಳಿ. ಟೈಗರ್ ಮಾಥ್‌ಗೆ ಫ್ಲ್ಯಾಪ್, ಅಂದರೆ ಇಳಿಯುವಾಗ ರೆಕ್ಕೆಯಿಂದ ಕೆಳಕ್ಕೆ ಬಾಗುವ ಹಲಗೆ, ಇಲ್ಲ. ಚಕ್ರಕ್ಕೆ ಬ್ರೇಕ್ ಇಲ್ಲ. ಹಿಂದೆ ಚಕ್ರದ ಬದಲು ನೆಲದ ಮೇಲೆ ಜಾರುವ ಸ್ಕಿಡ್. ಬ್ಯಾಟರಿ, ಸ್ಟಾರ್ಟರ್ ಇಲ್ಲ, ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಿ ಶುರು ಮಾಡುವುದು. ವಿಮಾನವನ್ನು ಎಡಬಲಕ್ಕೆ ವಾಲಿಸುವ ಏಲರಾನ್ ಇರುವುದು ಕೆಳಗಿನ ರೆಕ್ಕೆಯಲ್ಲಿ ಮಾತ್ರ. ಬೇರೆ ವಿಮಾನದ ಫೈಲ್ ನಕಲು ಮಾಡಿ ಶುರು ಮಾಡುವವರು ಈ ಪಟ್ಟಿ ಇಟ್ಟುಕೊಳ್ಳದಿದ್ದರೆ ಫ್ಲ್ಯಾಪೂ ಬ್ರೇಕೂ ಸದ್ದಿಲ್ಲದೆ ಒಳಗೆ ಬಂದುಬಿಡುತ್ತವೆ.

2. ನಕ್ಷೆ ನಂಬುವ ಮುಂಚೆ ಅಳೆಯಿರಿ

ಮೂರು ಕಡೆಯಿಂದ ನೋಡಿದ ನಕ್ಷೆ ಸಿಕ್ಕಿತು ಅಂತ ಕೂಡಲೇ ಅದರ ಮೇಲೆ ಗೆರೆ ಎಳೆಯಲು ಹೋಗಬೇಡಿ. ಸ್ಕ್ಯಾನ್ ಮಾಡುವಾಗ ಕಾಗದ ಒಂದು ಕಡೆ ಎಳೆದಿರುತ್ತದೆ, ಮೇಲ್ನೋಟ ಮತ್ತು ಪಕ್ಕನೋಟದ ಅಳತೆ ಹೊಂದುವುದಿಲ್ಲ. ಪರೀಕ್ಷೆ ಸುಲಭ. 8.94 ಅನ್ನು 7.29ರಿಂದ ಭಾಗಿಸಿದರೆ 1.226. ಮೇಲಿನಿಂದ ನೋಡಿದ ಚಿತ್ರದಲ್ಲಿ ರೆಕ್ಕೆಯ ಹರವು 1,200 ಪಿಕ್ಸೆಲ್ ಇದ್ದರೆ ಉದ್ದ 979ರ ಆಸುಪಾಸು ಬರಬೇಕು. 940 ಬಂದರೆ ನಕ್ಷೆ ಎಳೆದಿದೆ. ಗಿಂಪ್‌ನಲ್ಲಿ ಸರಿಮಾಡಿ, ಇಲ್ಲವೇ ಬೇರೆ ಹುಡುಕಿ.

ಫೋಟೋ ವಿಷಯದಲ್ಲಿ ಒಂದು ಎಚ್ಚರ. ಮೊಬೈಲು ಹಿಡಿದು ಹತ್ತಿರದಿಂದ ತೆಗೆದ ಫೋಟೋದಲ್ಲಿ ಮೂತಿ ಉಬ್ಬಿ ಬಾಲ ಕುಗ್ಗಿರುತ್ತದೆ. ನಂಬಿಕೆ ಬರದಿದ್ದರೆ ಉಣಕಲ್ ಕೆರೆ ಹತ್ತಿರ ನಿಂತ ಆಟೋವನ್ನು ಎರಡು ಮೀಟರಿನಿಂದ ಒಮ್ಮೆ, ಇಪ್ಪತ್ತು ಮೀಟರ್ ಹಿಂದೆ ಸರಿದು ಝೂಮ್ ಮಾಡಿ ಒಮ್ಮೆ ತೆಗೆದು ನೋಡಿ. ಎರಡೂ ಒಂದೇ ಆಟೋ ಅನ್ನಿಸುವುದಿಲ್ಲ. ಆಕಾರದ ಅಳತೆಗೆ ದೂರದ ಫೋಟೋ ಮಾತ್ರ. ಹತ್ತಿರದ್ದು ಸಣ್ಣ ವಿವರಕ್ಕೆ.

3. ಫೋಲ್ಡರ್, ಮತ್ತು ಹೆಸರು ಇಡುವ ರೀತಿ

ಒಂದು ಫೋಲ್ಡರ್ ಮಾಡಿ, ಒಳಗೆ ಮಾಡೆಲ್‌ಗೆ ಒಂದು, ಸದ್ದಿಗೆ ಒಂದು. ಮುಖ್ಯ ಫೈಲಿನ ಹೆಸರಿನ ಕೊನೆಗೆ ಅಡ್ಡಗೆರೆ ಹಾಕಿ 'ಸೆಟ್' ಅಂತ ಇರಲೇಬೇಕು, ಆಮೇಲೆ ಎಕ್ಸ್‌ಎಂಎಲ್. ಅದಿಲ್ಲದಿದ್ದರೆ ಫ್ಲೈಟ್‌ಗಿಯರ್‌ಗೆ ಅಲ್ಲೊಂದು ವಿಮಾನ ಇದೆ ಅಂತಲೇ ಗೊತ್ತಾಗುವುದಿಲ್ಲ. ಲಾಂಚರ್‌ನ ಆಡ್-ಆನ್ ಪುಟದಲ್ಲಿ ತೋರಿಸಬೇಕಾದದ್ದು ವಿಮಾನದ ಫೋಲ್ಡರನ್ನಲ್ಲ, ಅದನ್ನು ಇಟ್ಟುಕೊಂಡಿರುವ ಮೇಲಿನ ಫೋಲ್ಡರನ್ನು. "ಪಟ್ಟಿಯೊಳಗ ಕಾಣವಲ್ದು" ಅನ್ನುವ ದೂರಿಗೆ ಹೆಚ್ಚಿನ ಸಲ ಈ ಎರಡರಲ್ಲಿ ಒಂದು ಕಾರಣ.

ಎಲ್ಲ ಹೆಸರೂ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಇರಲಿ, ನಡುವೆ ಜಾಗ ಬೇಡ. ವಿಂಡೋಸಿಗೆ ದೊಡ್ಡಕ್ಷರ ಸಣ್ಣಕ್ಷರ ಎಲ್ಲ ಒಂದೇ, ಲಿನಕ್ಸಿಗೆ ಹಾಗಲ್ಲ. ನಿಮ್ಮಲ್ಲಿ ಸರಿ ಕಂಡ ವಿಮಾನ ಇನ್ನೊಬ್ಬರಲ್ಲಿ ಬಣ್ಣ ಇಲ್ಲದೆ ಬರುವುದು ಇದರಿಂದಲೇ.

4. ಡಬ್ಬಿ ಹಾರಿಸುವುದು

ಎಲ್ಲರೂ ಬಿಟ್ಟು ಮುಂದೆ ಹೋಗುವ ಹಂತ ಇದು. ನನ್ನ ಪ್ರಕಾರ ಅರ್ಧ ಕೆಲಸ ಇಲ್ಲೇ ಇದೆ.

ಬ್ಲೆಂಡರ್‌ನಲ್ಲಿ ಹತ್ತು ನಿಮಿಷದಲ್ಲಿ ಒಂದು ಉದ್ದ ಡಬ್ಬಿ, ಅದಕ್ಕೆ ಎರಡು ಹಲಗೆ ರೆಕ್ಕೆ, ಬಾಲಕ್ಕೆ ಎರಡು ಹಲಗೆ ಮಾಡಿ. ಅಳತೆ ಮಾತ್ರ ಸರಿ ಇರಲಿ. ಇದೇ ನಿಮ್ಮ ವಿಮಾನ. ಇದು ಹಾರುವ ತನಕ ಬೇರೇನೂ ಮಾಡಬೇಡಿ.

ಹಾರಾಟದ ಲೆಕ್ಕಕ್ಕೆ ಫ್ಲೈಟ್‌ಗಿಯರ್‌ನಲ್ಲಿ ಮುಖ್ಯವಾಗಿ ಎರಡು ದಾರಿ, ಜೆಎಸ್‌ಬಿಸಿಮ್ ಮತ್ತು ಯಾಸಿಮ್. ಜೆಎಸ್‌ಬಿಸಿಮ್‌ಗೆ ಕೋಷ್ಟಕಗಳು ಬೇಕು, ಯಾವ ಕೋನದಲ್ಲಿ ಎಷ್ಟು ಲಿಫ್ಟು (ಎತ್ತುವ ಬಲ), ಎಷ್ಟು ಡ್ರ್ಯಾಗು (ಗಾಳಿಯ ತಡೆ) ಅಂತ. ಹಳೇ ವಿಮಾನಕ್ಕೆ ಅಂಥ ಕೋಷ್ಟಕ ಸಾಮಾನ್ಯವಾಗಿ ಕೈಗೆ ಸಿಗುವುದಿಲ್ಲ. ಯಾಸಿಮ್‌ಗೆ ವಿಮಾನದ ಆಕಾರ, ತೂಕ, ಇಳಿಯುವ ವೇಗ, ಸಾಗುವ ವೇಗ ಕೊಟ್ಟರೆ ಉಳಿದದ್ದನ್ನು ತಾನೇ ಲೆಕ್ಕ ಹಾಕುತ್ತದೆ. ಮೊದಲ ವಿಮಾನಕ್ಕೆ ಯಾಸಿಮ್ ಸಾಕು.

ಈಗ ದಿಕ್ಕಿನ ಗೊಂದಲ. ಇದನ್ನು ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ. ಮೂರು ಆಯಾಮದ ಮಾಡೆಲ್‌ನಲ್ಲಿ ಎಕ್ಸ್ ಅಂದರೆ ಹಿಂದೆ, ವೈ ಅಂದರೆ ಬಲ, ಝಡ್ ಅಂದರೆ ಮೇಲೆ. ಹಾಗಾಗಿ ಬ್ಲೆಂಡರ್‌ನಲ್ಲಿ ಮೂತಿ ಎಕ್ಸ್‌ನ ಮೈನಸ್ ಕಡೆಗೆ ಇರಬೇಕು. ಯಾಸಿಮ್‌ನಲ್ಲಿ ಎಕ್ಸ್ ಮುಂದೆ, ವೈ ಎಡ, ಝಡ್ ಮೇಲೆ. ಅಂದರೆ ಮಾಡೆಲ್‌ನಲ್ಲಿ ಓದಿದ ಎಕ್ಸ್ ಮತ್ತು ವೈ ಎರಡರ ಚಿಹ್ನೆಯನ್ನೂ ಉಲ್ಟಾ ಮಾಡಿ ಯಾಸಿಮ್‌ಗೆ ಬರೆಯಬೇಕು. ಪೈಲಟ್ ಕಣ್ಣಿನ ಜಾಗ ಬರೆಯುವಾಗ ಮೂರನೆಯ ಪದ್ಧತಿ: ಎಕ್ಸ್ ಬಲ, ವೈ ಮೇಲೆ, ಝಡ್ ಹಿಂದೆ. ಯಾಕೆ ಹೀಗೆ ಅಂತ ಕೇಳಬೇಡಿ, ಹೀಗಿದೆ. ಸೊನ್ನೆ ಬಿಂದು ಮಾತ್ರ ಎಲ್ಲದಕ್ಕೂ ಒಂದೇ ಇರಲಿ. ನಾನು ಮೂತಿಯ ತುದಿಯನ್ನು ಸೊನ್ನೆ ಮಾಡುತ್ತೇನೆ, ಹುಡುಕಲು ಸುಲಭ.

ಯಾಸಿಮ್‌ನಲ್ಲಿ ಮೇಲಿನ ರೆಕ್ಕೆಯನ್ನು 'ವಿಂಗ್' ಅಂತ, ಕೆಳಗಿನದನ್ನು 'ಎಂ-ಸ್ಟ್ಯಾಬ್' ಅಂತ ಬರೆಯಬೇಕು. ಉದ್ದ ಕೇಳಿದಾಗ ಬೇಕಿರುವುದು ಒಂದು ಬದಿಯದು, ಅದೂ ರೆಕ್ಕೆಯ ಬುಡದಿಂದ ತುದಿಗೆ. ಇಲ್ಲಿ 8.94 ಬರೆದವರು ತುಂಬಾ ಜನ. ವಿಮಾನ ಆಗ ಎರಡರಷ್ಟು ಅಗಲದ ಗ್ಲೈಡರ್ ಆಗುತ್ತದೆ, ಇಳಿಸಲು ಹೋದರೆ ನೆಲಕ್ಕೆ ಬರುವುದೇ ಇಲ್ಲ.

ಇಂಜಿನ್ನಿಗೆ 130 ಅಶ್ವಶಕ್ತಿ, 2,350 ಆರ್‌ಪಿಎಂ, ಸಿಲಿಂಡರ್ ಗಾತ್ರ 374 ಘನ ಇಂಚು. ಪ್ರೊಪೆಲ್ಲರ್ ಸಾಲಿನಲ್ಲಿ ಒಂದು ಸೂಕ್ಷ್ಮ ಇದೆ. ಪೈಲಟ್ ಕೂತ ಜಾಗದಿಂದ ನೋಡಿದರೆ ಜಿಪ್ಸಿ ಮೇಜರ್ ಗಡಿಯಾರದ ಮುಳ್ಳಿಗೆ ಉಲ್ಟಾ ತಿರುಗುತ್ತದೆ. ಯಾಸಿಮ್‌ನಲ್ಲಿ ಅದಕ್ಕೆ ಪ್ರೊಪೆಲ್ಲರ್‌ನ 'ಮೊಮೆಂಟ್' ಅಂಕಿಯನ್ನು ಮೈನಸ್ ಆಗಿ ಕೊಡಬೇಕು. ಕೊಡದಿದ್ದರೆ ಓಡುವಾಗ ವಿಮಾನ ಎಡಕ್ಕೆ ಎಳೆಯುತ್ತದೆ, ನಿಜವಾದದ್ದು ಬಲಕ್ಕೆ ಎಳೆಯುತ್ತದೆ. ನಿಜವಾದದ್ದನ್ನು ಹಾರಿಸಿದ ಯಾರಾದರೂ ನಿಮ್ಮ ಮಾಡೆಲ್ ನೋಡಿದರೆ ಮೊದಲ ಹತ್ತು ಸೆಕೆಂಡಿನಲ್ಲೇ ಹಿಡಿಯುತ್ತಾರೆ.

ಸಿಮ್ಯುಲೇಟರ್ ತೆರೆಯುವ ಮುಂಚೆ, ಫ್ಲೈಟ್‌ಗಿಯರ್ ಜೊತೆ ಬರುವ ಯಾಸಿಮ್ ಕಮಾಂಡಿಗೆ ಈ ಫೈಲ್ ಕೊಟ್ಟು ಓಡಿಸಿ. ಲೆಕ್ಕದ ಫಲಿತಾಂಶ ಬರುತ್ತದೆ. ಅದರಲ್ಲಿ 'ಅಪ್ರೋಚ್ ಎಲಿವೇಟರ್' (ಎಲಿವೇಟರ್ ಅಂದರೆ ಮೂತಿ ಎತ್ತಿ ಇಳಿಸುವ ಬಾಲದ ಹಲಗೆ) ಅನ್ನುವ ಅಂಕಿ −1 ಮತ್ತು 1ರ ಆಚೆ ಹೋದರೆ, ಇಳಿಯುವಾಗ ಕೋಲನ್ನು ಹೊಟ್ಟೆ ತನಕ ಎಳೆದರೂ ಮೂತಿ ಎತ್ತಲು ಆಗುವುದಿಲ್ಲ ಅಂತ ಅರ್ಥ. ಲೆಕ್ಕ ಕೂಡಲಿಲ್ಲ ಅಂತ ಬಂದರೆ ಮೊದಲು ಇಳಿಯುವ ವೇಗ ನೋಡಿ, ತೀರಾ ಕಡಿಮೆ ಕೊಟ್ಟಿರುತ್ತೀರಿ. ಆಮೇಲೆ ಮೈಲಿ-ನಾಟ್. ಆಮೇಲೆ ಬಾಲದ ಎಕ್ಸ್ ಚಿಹ್ನೆ. ಬಾಲ ಮೂತಿಯ ಮುಂದೆ ಇದ್ದರೆ ಯಾವ ಲೆಕ್ಕವೂ ಕೂಡುವುದಿಲ್ಲ, ಅಲ್ವಾ?

ಒಂದು ಸಲಕ್ಕೆ ಒಂದೇ ಅಂಕಿ ಬದಲಿಸಿ. ನೋಟ್‌ಬುಕ್ ಬೇಕೆಂದದ್ದು ಇದಕ್ಕೇ.

5. ನೆಲದ ಮೇಲೆ ನಿಲ್ಲಿಸುವುದು

ಚಕ್ರದ ಬಿಂದು ಅಂದರೆ ಚಕ್ರದ ನಡುವಿನ ಅಚ್ಚು ಅಂತ ತಿಳಿಯುವವರು ಜಾಸ್ತಿ. ಅಲ್ಲ. ಅದು ಟೈರು ನೆಲಕ್ಕೆ ತಾಗುವ ಬಿಂದು, ಅದೂ ಸ್ಪ್ರಿಂಗ್ ಮೇಲೆ ಭಾರ ಇಲ್ಲದಾಗ. ಅಚ್ಚಿನ ಜಾಗ ಕೊಟ್ಟರೆ ಅರ್ಧ ಚಕ್ರ ನೆಲದಲ್ಲಿ ಹೂತಿರುತ್ತದೆ.

ವಿಮಾನ ರನ್‌ವೇಯಲ್ಲಿ ಕಾಣಿಸಿಕೊಂಡ ಕೂಡಲೇ ಚೆಂಡಿನ ಹಾಗೆ ಪುಟಿದರೆ ಸ್ಪ್ರಿಂಗ್ ತೀರಾ ಬಿರುಸು, ಅಥವಾ ಅದು ಕುಗ್ಗುವ ದೂರ ತೀರಾ ಕಡಿಮೆ. ಕುಗ್ಗುವ ದೂರ ಮೀಟರಿನಲ್ಲಿ ಬರೆಯುವುದು. 0.01 ಅಂತ ಬರೆದರೆ ಒಂದೇ ಸೆಂಟಿಮೀಟರ್. ಎತ್ತಿನ ಬಂಡಿಗೂ ಅದಕ್ಕಿಂತ ಜಾಸ್ತಿ ಸಿಗುತ್ತದೆ.

ಮುಂದಿನ ಚಕ್ರಗಳು ಗುರುತ್ವ ಬಿಂದುವಿಗಿಂತ, ಅಂದರೆ ವಿಮಾನದ ತೂಕ ಸಮತೂಗುವ ಜಾಗಕ್ಕಿಂತ, ಮುಂದೆ ಇರಬೇಕು. ಆ ಬಿಂದು ಎಲ್ಲಿದೆ ಅಂತ ಯಾಸಿಮ್ ಕಮಾಂಡ್ ಹೇಳುತ್ತದೆ, ಹೋಲಿಸಿ ನೋಡಿ. ತೀರಾ ಹತ್ತಿರ ಇದ್ದರೆ ಇಂಜಿನ್ ಜೋರು ಮಾಡಿದ ಕೂಡಲೇ ಮೂತಿ ನೆಲಕ್ಕೆ. ತೀರಾ ಮುಂದೆ ಇದ್ದರೆ ಓಡುವಾಗ ಬಾಲ ಏಳುವುದೇ ಇಲ್ಲ. ಗುರುತ್ವ ಬಿಂದು ಸರಿಸಲು ರೆಕ್ಕೆ ಸರಿಸಬೇಡಿ, 'ಬ್ಯಾಲಾಸ್ಟ್' ಅಂತ ಒಂದು ತೂಕದ ಸಾಲು ಇದೆ, ಅದನ್ನು ಮುಂದೆ ಹಿಂದೆ ಮಾಡಿ.

ಬ್ರೇಕ್ ಇಲ್ಲದ ವಿಮಾನ, ನೆನಪಿರಲಿ. ಬಾಲದ ಸ್ಕಿಡ್ಡಿಗೆ ಘರ್ಷಣೆ ಜಾಸ್ತಿ ಕೊಡಿ, ಇಳಿದ ಮೇಲೆ ನಿಲ್ಲಿಸುವುದು ಅದೇ.

ಡಬ್ಬಿ ಈಗ ಎದ್ದು, ಕೋಲು ಬಿಟ್ಟರೆ ಸುಮಾರು ನೇರ ಹೋಗಿ, ಇಳಿಯಬೇಕು. ಗೋಕುಲ ರಸ್ತೆಯ ನಮ್ಮ ಹುಬ್ಬಳ್ಳಿ ರನ್‌ವೇಯಿಂದ ಎಬ್ಬಿಸಿ, ಉಣಕಲ್ ಕೆರೆ ದಾಟಿಸಿ, ಧಾರವಾಡದ ಮೇಲೆ ಒಂದು ಸುತ್ತು ಹಾಕಿಸಿ ವಾಪಸ್ ತನ್ನಿ. ನೋಡಿದವರು ನಗಲಿ, ಪರವಾಗಿಲ್ಲ. ನನ್ನ ತಮ್ಮ ಅದನ್ನು "ಹಾರುವ ಪೇಡೆ ಡಬ್ಬಿ" ಅಂದಿದ್ದ.

6. ಈಗ ಬ್ಲೆಂಡರ್

ಡಬ್ಬಿಯ ಜಾಗದಲ್ಲೇ, ಅದೇ ಸೊನ್ನೆ ಬಿಂದು ಇಟ್ಟುಕೊಂಡು ಆಕಾರ ಕಟ್ಟಿ. ಘಟಕ ಮೀಟರ್. ಚಲಿಸುವ ಪ್ರತಿ ಭಾಗವೂ ಬೇರೆ ಆಬ್ಜೆಕ್ಟ್ ಆಗಿರಬೇಕು: ಎರಡು ಏಲರಾನ್, ಎಲಿವೇಟರ್, ರಡ್ಡರ್, ಪ್ರೊಪೆಲ್ಲರ್, ಕೋಲು, ಪೆಡಲ್. ಪ್ರತಿಯೊಂದಕ್ಕೂ ಕೂಡಲೇ ಹೆಸರು ಇಡಿ. 'ಕ್ಯೂಬ್ 017' ಅಂತ ಬಿಟ್ಟರೆ ಎರಡು ತಿಂಗಳ ಮೇಲೆ ಅದು ಏನು ಅಂತ ನಿಮಗೇ ಗೊತ್ತಾಗುವುದಿಲ್ಲ.

ಟೈಗರ್ ಮಾಥ್‌ನ ತಂತಿಗಳಲ್ಲಿ ಎಲ್ಲರೂ ಸೋಲುತ್ತಾರೆ. ರೆಕ್ಕೆಗಳ ನಡುವೆ ತಂತಿಯೋ ತಂತಿ. ಬ್ಲೆಂಡರ್ ತಾನಾಗಿ ಕೊಡುವ ಸಿಲಿಂಡರ್‌ಗೆ 32 ಬದಿ, ಅಂದರೆ ಮುಚ್ಚಳ ಬಿಟ್ಟು 64 ತ್ರಿಕೋನ. ಮೂರೇ ಬದಿಯ ಕಡ್ಡಿ ಮಾಡಿದರೆ 6 ತ್ರಿಕೋನ. ತ್ರಿಕೋನ ಹೆಚ್ಚಾದಷ್ಟೂ ಕಂಪ್ಯೂಟರಿಗೆ ಭಾರ. ಹತ್ತು ಅಡಿ ದೂರದಿಂದ ನೋಡಿದರೆ ಯಾವುದು ಯಾವುದು ಅಂತ ಹೇಳಲು ಆಗುವುದಿಲ್ಲ. ಒಬ್ಬ ಹುಡುಗ ತಂತಿಗಳನ್ನು ಹಗ್ಗದ ಹಾಗೆ ಹೆಣೆದು ತಂದಿದ್ದ. ತಂತಿಯ ತ್ರಿಕೋನಗಳೇ ಇಡೀ ವಿಮಾನದ ಉಳಿದ ಭಾಗಕ್ಕಿಂತ ಜಾಸ್ತಿ ಇದ್ದವು, ಪಾಪ, ಅವನ ಲ್ಯಾಪ್‌ಟಾಪ್ ಫ್ಯಾನು ಹಿಟ್ಟಿನ ಗಿರಣಿ ಹಾಗೆ ಕೂಗುತ್ತಿತ್ತು.

ಎಕ್ಸ್‌ಪೋರ್ಟ್‌ಗೆ ಮುಂಚೆ ಪ್ರತಿ ಸಲ ಎರಡು ಕೆಲಸ. ಒಂದು, ಎಲ್ಲ ಆಬ್ಜೆಕ್ಟ್ ಆಯ್ದು ಕಂಟ್ರೋಲ್-ಎ ಒತ್ತಿ ಸ್ಕೇಲ್ ಮತ್ತು ರೊಟೇಶನ್ ಅಪ್ಲೈ ಮಾಡಿ. ಮರೆತರೆ ಒಂದು ಚಕ್ರ ಮೂರು ಪಟ್ಟು ದೊಡ್ಡದಾಗಿ ಬರಬಹುದು. ಎರಡು, ಫೇಸ್ ಓರಿಯೆಂಟೇಶನ್ ಹಚ್ಚಿ ನೋಡಿ. ಹೊರಗಿನಿಂದ ನೀಲಿ ಕಾಣಬೇಕು. ಕೆಂಪು ಕಂಡ ಕಡೆ ಮುಖ ಒಳಗೆ ತಿರುಗಿದೆ, ಸಿಮ್ಯುಲೇಟರ್‌ನಲ್ಲಿ ಅಲ್ಲಿ ತೂತು ಬಿದ್ದ ಹಾಗೆ ಅಥವಾ ಕಪ್ಪಗೆ ಕಾಣುತ್ತದೆ.

ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು. ದಿನಾ ಹೊಸ ನಂಬರ್ ಹಾಕಿ ಸೇವ್ ಮಾಡಿ, ಒಂದೇ ಫೈಲಿನ ಮೇಲೆ ಮತ್ತೆ ಮತ್ತೆ ಬರೆಯಬೇಡಿ.

7. ಭಾಗಗಳನ್ನು ತಿರುಗಿಸುವುದು

ಅನಿಮೇಶನ್ ಫೈಲಿನಲ್ಲಿ ಮೂರು ವಿಷಯ ಹೇಳಬೇಕು: ಯಾವ ಆಬ್ಜೆಕ್ಟ್, ಯಾವ ಪ್ರಾಪರ್ಟಿ (ಸಿಮ್ಯುಲೇಟರ್ ಒಳಗೆ ಬದಲಾಗುತ್ತಿರುವ ಅಂಕಿ) ನೋಡಿ ತಿರುಗಬೇಕು, ಯಾವ ಅಕ್ಷದ ಸುತ್ತ. ಮೊದಲ ಎರಡು ಸುಲಭ. ಡೀಬಗ್ ಮೆನುವಿನ ಪ್ರಾಪರ್ಟಿ ಬ್ರೌಸರ್ ತೆರೆದು ಕೋಲು ಅಲ್ಲಾಡಿಸಿದರೆ ಯಾವ ಅಂಕಿ ಬದಲಾಗುತ್ತದೆ ಅಂತ ಕಣ್ಣೆದುರೇ ಕಾಣುತ್ತದೆ.

ಅಕ್ಷದಲ್ಲಿ ಎಡವುತ್ತಾರೆ. ಟೈಗರ್ ಮಾಥ್‌ನ ರೆಕ್ಕೆ ಹಿಂದಕ್ಕೆ ಓರೆಯಾಗಿದೆ, ತುದಿ ಸ್ವಲ್ಪ ಮೇಲಕ್ಕೂ ಎದ್ದಿದೆ. ಏಲರಾನ್‌ನ ಕೀಲು ಅದೇ ಓರೆಯಲ್ಲಿರುತ್ತದೆ. ನೇರ ಎಡ-ಬಲದ ಅಕ್ಷ ಕೊಟ್ಟರೆ ಏಲರಾನ್ ಮೇಲೆದ್ದಾಗ ಒಂದು ತುದಿ ರೆಕ್ಕೆಯೊಳಗೆ ನುಗ್ಗುತ್ತದೆ, ಇನ್ನೊಂದು ತುದಿ ಗಾಳಿಯಲ್ಲಿ ನಿಲ್ಲುತ್ತದೆ. ಕೀಲಿನ ಎರಡು ತುದಿಯ ಬಿಂದು ಕೊಡಿ. ಬ್ಲೆಂಡರ್‌ನಲ್ಲಿ ತುದಿಯ ಶೃಂಗ ಆಯ್ದು, 3ಡಿ ಕರ್ಸರನ್ನು ಅಲ್ಲಿಗೆ ಸ್ನ್ಯಾಪ್ ಮಾಡಿದರೆ ಪಕ್ಕದ ಪಟ್ಟಿಯಲ್ಲಿ ಎಕ್ಸ್, ವೈ, ಝಡ್ ಓದಬಹುದು. ಇಲ್ಲಿ ಚಿಹ್ನೆ ಉಲ್ಟಾ ಮಾಡುವುದು ಬೇಡ, ಇದು ಮಾಡೆಲ್‌ನ ಪದ್ಧತಿ.

ಇನ್ನೊಂದು ಮಾತು. ಈ ವಿಮಾನದಲ್ಲಿ ಏಲರಾನ್ ಮೇಲೇಳುವಷ್ಟು ಕೆಳಗಿಳಿಯುವುದಿಲ್ಲ. ಒಂದೇ ಗುಣಕ ಕೊಟ್ಟರೆ ಎರಡೂ ಕಡೆ ಸಮ ತಿರುಗುತ್ತದೆ. ಗುಣಕದ ಬದಲು ಇಂಟರ್‌ಪೊಲೇಶನ್ ಕೋಷ್ಟಕ ಬಳಸಿ, −1ಕ್ಕೆ ಒಂದು ಕೋನ, 1ಕ್ಕೆ ಇನ್ನೊಂದು.

ಪ್ರೊಪೆಲ್ಲರ್ ಬೇರೆಲ್ಲೋ ತಿರುಗಿದರೆ ಮಧ್ಯಬಿಂದು ಕೊಟ್ಟಿಲ್ಲ ಅಂತ ಅರ್ಥ. ಗಾಳಿತಡೆ ಗಾಜಿನ ಮೂಲಕ ನೋಡಿದಾಗ ಮೋಡ ಅಥವಾ ರೆಕ್ಕೆ ಮಾಯವಾದರೆ, ಪಾರದರ್ಶಕ ಭಾಗಗಳು ಫೈಲಿನಲ್ಲಿ ಮೊದಲು ಬಂದಿವೆ. ಗಾಜು ಮತ್ತು ಪ್ರೊಪೆಲ್ಲರ್‌ನ ಮಸುಕು ತಟ್ಟೆ ಎರಡನ್ನೂ ಕೊನೆಗೆ ಹಾಕಿ.

ಏನೂ ಆಗದಿದ್ದರೆ, ಅಥವಾ ವಿಮಾನವೇ ಬರದಿದ್ದರೆ, ಊಹೆ ಮಾಡುತ್ತಾ ಕೂರಬೇಡಿ. ಫ್ಲೈಟ್‌ಗಿಯರ್ ಒಂದು ಲಾಗ್ ಫೈಲ್ ಬರೆಯುತ್ತದೆ. ಎಕ್ಸ್‌ಎಂಎಲ್‌ನಲ್ಲಿ ಒಂದು ಟ್ಯಾಗ್ ಮುಚ್ಚುವುದು ಮರೆತಿದ್ದರೂ ಯಾವ ಫೈಲು, ಎಷ್ಟನೇ ಸಾಲು ಅಂತ ಅದರಲ್ಲಿ ಇರುತ್ತದೆ. ನನ್ನ ಹತ್ತಿರ ಬಂದವರಲ್ಲಿ ಲಾಗ್ ತೆರೆದು ನೋಡಿ ಬಂದವರು ಇಬ್ಬರೇ, ಆ ಇಬ್ಬರೂ ಎರಡನೇ ಸಲ ಬರಲಿಲ್ಲ.

8. ಕಾಕ್‌ಪಿಟ್

ಒಬ್ಬರೇ ಹಾರಿಸುವಾಗ ಪೈಲಟ್ ಕೂರುವುದು ಹಿಂದಿನ ಸೀಟಿನಲ್ಲಿ. ಕಣ್ಣಿನ ಜಾಗವನ್ನು ಮುಂದಿನ ಸೀಟಿಗೆ ಕೊಟ್ಟವರು ಆಮೇಲೆ ಇಡೀ ನೋಟ ಬದಲಿಸಬೇಕಾಗುತ್ತದೆ. ವೇಗದ ಮೀಟರು ಮೈಲಿಯಲ್ಲಿ, ನಾಟ್‌ನಲ್ಲಲ್ಲ. ಹಾರಾಟದ ಫೈಲಿಗೆ ನಾಟ್, ಡಯಲಿಗೆ ಮೈಲಿ, ಈ ಎರಡನ್ನೂ ಕಲಸಬೇಡಿ. ಪೆಟ್ರೋಲ್ ಗೇಜು ಡ್ಯಾಶ್‌ಬೋರ್ಡಿನಲ್ಲಿ ಹುಡುಕಬೇಡಿ, ಅದು ತಲೆ ಮೇಲೆ, ಟ್ಯಾಂಕಿನ ಮೇಲೆ ತೇಲುವ ಕಡ್ಡಿ. ಇಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೋ ಸ್ವಿಚ್ಚು ಕಾಕ್‌ಪಿಟ್‌ನ ಹೊರಮೈ ಮೇಲೆ ಇರುತ್ತದೆ, ಪ್ರೊಪೆಲ್ಲರ್ ತಿರುಗಿಸುವವನಿಗೆ ಕಾಣಲಿ ಅಂತ.

ಮೊದಲ ಆವೃತ್ತಿಗೆ ವೇಗ, ಎತ್ತರ, ಆರ್‌ಪಿಎಂ, ಆಯಿಲ್ ಪ್ರೆಶರ್, ವಾಲು ತೋರಿಸುವ ಮೀಟರು, ದಿಕ್ಸೂಚಿ ಸಾಕು. ಪ್ರತಿ ಮೀಟರಿನ ಮುಳ್ಳು ಬೇರೆ ಆಬ್ಜೆಕ್ಟ್, ಮುಖ ಬೇರೆ.

9. ಬಣ್ಣ, ಸದ್ದು

ಈಗ ಬಣ್ಣ ಹಚ್ಚಿ, ಮನಸಾರೆ. ಚಿತ್ರದ ಅಳತೆ 1,024 ಅಥವಾ 2,048 ಥರ ಎರಡರ ಘಾತದಲ್ಲಿರಲಿ. ಬಟ್ಟೆ ರೆಕ್ಕೆಯ ಪಕ್ಕೆಲುಬುಗಳನ್ನು ಬಣ್ಣದಲ್ಲೇ ತೋರಿಸಿ, ಆಕಾರದಲ್ಲಿ ಕೆತ್ತಬೇಡಿ.

ಸದ್ದಿಗೆ ಮೋನೋ ವೇವ್ ಫೈಲ್. ತುದಿ ಮತ್ತು ಮೊದಲು ಕೂಡುವ ಜಾಗದಲ್ಲಿ 'ಟಕ್' ಅನ್ನದ ಹಾಗೆ ಕತ್ತರಿಸಿ. ಇಂಜಿನ್ ಸದ್ದನ್ನು ಯಾರದೋ ವಿಡಿಯೋದಿಂದ ಎತ್ತಬೇಡಿ, ಕಾರಣ ಕೊನೆಯ ಹಂತದಲ್ಲಿ ಬರುತ್ತದೆ.

10. ನಿಜವಾದ ಪರೀಕ್ಷೆ, ಮತ್ತು ನಾನು ತಿಂದ ಏಟು

ಮುಗಿಯಿತು ಅಂದುಕೊಂಡ ಮೇಲೆ ನಾನು ಒಂದು ಏಪ್ರಿಲ್ ಮಧ್ಯಾಹ್ನ ಲೈವ್ ಹವಾಮಾನ (ಆ ಹೊತ್ತಿನ ನಿಜವಾದ ಹವೆ) ಹಚ್ಚಿ ಹುಬ್ಬಳ್ಳಿಯಿಂದ ಏರುವ ದರ ಅಳೆದೆ. ಕೈಪಿಡಿ 673 ಅನ್ನುತ್ತದೆ, ನನಗೆ 450 ಕೂಡ ಬರಲಿಲ್ಲ. ಇಂಜಿನ್ ಸೋತಿದೆ ಅಂತ 130 ಇದ್ದದ್ದನ್ನು 145 ಮಾಡಿದೆ, ಆಮೇಲೆ 160. ಆಗ ಸರಿ ಬಂತು. ಖುಷಿಯಾಗಿ ಹಂಚಿಯೂ ಬಿಟ್ಟೆ. ಮುಂಬೈಯಲ್ಲಿರುವ ಗೆಳೆಯ ಅಲ್ಲಿನ ಜುಹು ರನ್‌ವೇಯಿಂದ ಎಬ್ಬಿಸಿ, "ಇದೇನೋ, ಗಾಳಿಪಟದಂಗ ಮ್ಯಾಲ ಹೊಂಟದ" ಅಂದ.

ತಪ್ಪು ಇಂಜಿನ್ನಿನದಲ್ಲ, ಊರಿನದು. ಕೈಪಿಡಿಯ ಅಂಕಿ ಸಮುದ್ರ ಮಟ್ಟದ್ದು, ತಂಪು ಹವೆಯದ್ದು. ಹುಬ್ಬಳ್ಳಿ ವಿಮಾನ ನಿಲ್ದಾಣ ಸಮುದ್ರ ಮಟ್ಟದಿಂದ ಸುಮಾರು 2,170 ಅಡಿ ಮೇಲಿದೆ. ಆ ಎತ್ತರಕ್ಕೆ ಲೆಕ್ಕದ ಪ್ರಕಾರ ಇರಬೇಕಾದ ಉಷ್ಣಾಂಶ 11 ಡಿಗ್ರಿಗೂ ಸ್ವಲ್ಪ ಕಡಿಮೆ. ನಮ್ಮಲ್ಲಿ ಏಪ್ರಿಲ್‌ನಲ್ಲಿ 36 ಡಿಗ್ರಿ ಇದ್ದರೆ, ಪ್ರತಿ ಡಿಗ್ರಿಗೆ ಸುಮಾರು 120 ಅಡಿ ಸೇರಿಸಿ. 25 ಡಿಗ್ರಿ ಜಾಸ್ತಿಗೆ 3,000 ಅಡಿ. ಅಂದರೆ ರನ್‌ವೇ ಮೇಲೆ ನಿಂತಾಗಲೇ ವಿಮಾನದ ಪಾಲಿಗೆ ಗಾಳಿ 5,000 ಅಡಿ ಮೇಲಿನಷ್ಟು ತೆಳು. ಟೈಗರ್ ಮಾಥ್‌ನ ಏರುವ ಮಿತಿ 13,600 ಅಡಿ, ಅಲ್ಲಿ ಏರುವ ದರ ನಿಮಿಷಕ್ಕೆ 100 ಅಡಿಗೆ ಇಳಿದಿರುತ್ತದೆ. ಸಮುದ್ರ ಮಟ್ಟದ 673ಕ್ಕೂ ಅದಕ್ಕೂ ನಡುವೆ ಒಂದು ನೇರ ಗೆರೆ ಎಳೆದರೆ 5,000 ಅಡಿಯಲ್ಲಿ ಸಿಗುವುದು 460ರ ಆಸುಪಾಸು. ನನ್ನ ವಿಮಾನ ಮೊದಲೇ ಹೆಚ್ಚುಕಮ್ಮಿ ಸರಿ ಇತ್ತು. ಕೆಡಿಸಿದವನು ನಾನು.

ಹಾಗಾಗಿ ಅಳೆಯುವುದು ಜುಹುವಿನಲ್ಲಿ. ಅದು ಸಮುದ್ರದ ಪಕ್ಕದಲ್ಲೇ ಇದೆ. ಲೈವ್ ಹವಾಮಾನ ತೆಗೆದು, 15 ಡಿಗ್ರಿ, ಗಾಳಿ ಇಲ್ಲ ಅಂತ ಇಡಿ. ಪೂರ್ತಿ ತೂಕ ಹಾಕಿ, ಇಬ್ಬರು ಕೂತ ಹಾಗೆ. ಮೊದಲ ಸಾವಿರ ಅಡಿ ಏರಲು ಸುಮಾರು ಒಂದೂವರೆ ನಿಮಿಷ ಹಿಡಿಯಬೇಕು. ಆಮೇಲೆ ಮಟ್ಟಸವಾಗಿ ಹಾರಿಸಿ ಗರಿಷ್ಠ ವೇಗ ನೋಡಿ, 95 ನಾಟ್ ಹತ್ತಿರ ನಿಲ್ಲಬೇಕು. ಕೊನೆಗೆ ಇಂಜಿನ್ ಇಳಿಸಿ ಎಷ್ಟು ವೇಗಕ್ಕೆ ಸ್ಟಾಲ್ ಆಗುತ್ತದೆ, ಅಂದರೆ ರೆಕ್ಕೆ ಎತ್ತುವುದನ್ನು ಬಿಡುತ್ತದೆ, ನೋಡಿ. ಈ ಮೂರೂ ಸರಿ ಬಂದ ಮೇಲೆ ಮಾತ್ರ ಹುಬ್ಬಳ್ಳಿಗೆ ತನ್ನಿ. ಇಲ್ಲಿ ಬಿಸಿಲಿನಲ್ಲಿ ಮೆಲ್ಲಗೆ ಏರಿದರೆ ಖುಷಿಪಡಿ.

11. ಹಂಚುವ ಮುಂಚೆ

ಪುಕ್ಕಟೆ ಕೊಡುತ್ತೇನೆ ಅಂದ ಮಾತ್ರಕ್ಕೆ ಬೇರೆಯವರ ಸಾಮಾನು ಒಳಗೆ ಸೇರಿಸಬಹುದು ಅಂತಲ್ಲ. ದುಡ್ಡಿನ ಮಾಡೆಲ್‌ನಿಂದ ಎತ್ತಿದ ಚಕ್ರ, ವಿಡಿಯೋದಿಂದ ತೆಗೆದ ಸದ್ದು, ಯಾರದೋ ಫೋಟೋದಿಂದ ಕತ್ತರಿಸಿದ ಡಯಲ್, ಒಂದಿದ್ದರೂ ಇಡೀ ಕೆಲಸ ತೆಗೆಸಬಹುದು. ನಕ್ಷೆ ನೋಡಿ ಅಳತೆ ತೆಗೆದುಕೊಳ್ಳಿ, ಆದರೆ ಆ ನಕ್ಷೆಯ ಚಿತ್ರವನ್ನು ಜಿಪ್ಪಿನಲ್ಲಿ ಬಿಡಬೇಡಿ. ಫ್ಲೈಟ್‌ಗಿಯರ್‌ನ ಅಧಿಕೃತ ವಿಮಾನಗಳ ಸಂಗ್ರಹಕ್ಕೆ ಸೇರಬೇಕೆಂದರೆ ಜಿಪಿಎಲ್ ಲೈಸೆನ್ಸ್ ಬೇಕು, ಅಂದರೆ ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಮಾರಲೂ ಬಹುದು ಅನ್ನುವ ಒಪ್ಪಿಗೆ. 'ವ್ಯಾಪಾರಕ್ಕಲ್ಲ' ಅನ್ನುವ ಷರತ್ತು ಇರುವ ಸದ್ದು, ಚಿತ್ರ ಅದಕ್ಕೆ ಹೊಂದುವುದಿಲ್ಲ. ಯಾವ ಫೈಲು ಎಲ್ಲಿಂದ ಬಂತು ಅಂತ ಮೊದಲ ದಿನದಿಂದ ಬರೆದಿಟ್ಟಿದ್ದರೆ ಇಲ್ಲಿ ಹತ್ತು ನಿಮಿಷದ ಕೆಲಸ, ಇಲ್ಲದಿದ್ದರೆ ಒಂದು ವಾರ.

ಜಿಪ್ ಮಾಡಿ, ಅದನ್ನು ನಿಮ್ಮ ಲ್ಯಾಪ್‌ಟಾಪಿನಲ್ಲಿ ಪರೀಕ್ಷಿಸಬೇಡಿ. ಅಲ್ಲಿ ಎಲ್ಲವೂ ಸರಿಯೇ ಕಾಣುತ್ತದೆ, ಯಾಕೆಂದರೆ ಮರೆತುಹೋದ ಫೈಲು ಪಕ್ಕದ ಫೋಲ್ಡರಿನಲ್ಲಿ ಇದ್ದೇ ಇರುತ್ತದೆ. ಫ್ಲೈಟ್‌ಗಿಯರ್ ಹೊಸದಾಗಿ ಹಾಕಿದ ಗೆಳೆಯರೊಬ್ಬರ ಯಂತ್ರಕ್ಕೆ, ಸಾಧ್ಯವಾದರೆ ಲಿನಕ್ಸ್ ಇರುವುದಕ್ಕೆ, ಪೆನ್‌ಡ್ರೈವಿನಲ್ಲಿ ಒಯ್ಯಿರಿ. ನೀವು ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂತು, ಅವರೇ ಬಿಚ್ಚಿ, ಹಾಕಿ, ಎಬ್ಬಿಸಿ, ಇಳಿಸುವ ತನಕ ನೋಡಿ. ಅವರು ಎಲ್ಲೆಲ್ಲಿ ತಡವರಿಸಿದರು ಅನ್ನುವುದೇ ನಿಮ್ಮ ರೀಡ್‌ಮಿ ಫೈಲಿನಲ್ಲಿ ಬರೆಯಬೇಕಾದದ್ದು. ಪ್ರೊಪೆಲ್ಲರ್ ಶುರು ಮಾಡುವುದು ಹೇಗೆ, ಬ್ರೇಕ್ ಯಾಕೆ ಹಿಡಿಯುತ್ತಿಲ್ಲ, ಓಡುವಾಗ ಎಡ ಪೆಡಲ್ ಒತ್ತಬೇಕು ಅನ್ನುವ ಈ ಮೂರು ಸಾಲಂತೂ ಬರೆದೇ ಬಿಡಿ. ಇಲ್ಲದಿದ್ದರೆ ಮುಂದಿನ ಭಾನುವಾರ ನಿಮ್ಮ ಮನೆ ಬಾಗಿಲಿಗೂ ಹುಡುಗರು ಬರುತ್ತಾರೆ.